ಐದೈದಕ್ಕೆ ಒಂದು ಸಾಲು

ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನಮ್ಮಲ್ಲಿ ಅಂಥ ಪೆದ್ದನಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಉಳಿದ ಊರಿನವರು ನಮ್ಮಲ್ಲೂ ಒಬ್ಬನಿದ್ದಾನೆ ಎಂದು ಬೆರಳೆತ್ತುತ್ತಾರೆ. ಅಲ್ಲೊಂದು ಕೆರೆ, ಕೆರೆಯ ದಂಡೆಗೆ ಮೇದಾರ ಓಣಿ, ಓಣಿಯಲ್ಲಿ ನಲವತ್ತೆಂಟು ಮನೆ, ಮೊದಲನೆಯ ಮನೆಯಲ್ಲಿ ಬುಟ್ಟಿ ಹೆಣೆಯುವ ಗಾಳೆವ್ವ, ಗಾಳೆವ್ವನಿಗೆ ಒಬ್ಬನೇ ಮಗ ಕೇತಪ್ಪ. ಕತೆಗೆ ಇಷ್ಟು ಸಾಕು.

ಕೇತಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಕೇಳುವುದಕ್ಕೆ ಇದೊಂದು ಗುಣದಂತಿದೆ. ಗುಣವೋ ರೋಗವೋ ಎಂಬುದು ಗಾಳೆವ್ವನಿಗೆ ಗೊತ್ತಿತ್ತು. ಮಗ ಎಂಟು ವರ್ಷದವನಿದ್ದಾಗ ಅವಳು ಬಿದಿರಿನ ಸೀಳುಗಳನ್ನು ಕೆರೆಯಲ್ಲಿ ನೆನೆಹಾಕಿ, ನಾನು ಬರುವ ತನಕ ಕಟ್ಟಿನಿಂದ ಕೈ ಬಿಡಬೇಡ ಎಂದು ಹೇಳಿ ಸಂತೆಗೆ ಹೋದಳು. ಮೇಲೊಂದು ಕಲ್ಲು ಹೇರಿದರೆ ಮುಗಿಯುವ ಕೆಲಸ. ಅವಳು ಸಂಜೆ ಬಂದು ನೋಡಿದಾಗ ಮಗ ಎದೆಮಟ್ಟದ ನೀರಿನಲ್ಲಿ ನಿಂತು ಕಟ್ಟನ್ನು ಹಿಡಿದೇ ಇದ್ದ. ತುಟಿ ನೀಲಿಯಾಗಿತ್ತು, ಬೆರಳು ಮುರುಟಿದ್ದವು. ಅವಳು ಬೈದಳು. ಚಳಿಯಾದರೆ ದಂಡೆಗೆ ಬಂದು ಬಿಸಿಲಿಗೆ ಮೈ ಕಾಯಿಸಬೇಕು, ಅಷ್ಟೂ ತಿಳಿಯದೇ ಎಂದಳು. ತಿಳಿಯಿತು. ಮರುವಾರ ಸೀಳುಗಳಿಗೆ ಚಳಿಯಾದೀತೆಂದು ಅವನು ಎಲ್ಲವನ್ನೂ ನೀರಿನಿಂದ ತೆಗೆದು ಬಿಸಿಲಿಗೆ ಹರಡಿದ. ಬಾಗಿಸಿದರೆ ಒಂದೊಂದೂ ಲಟಕ್ಕನೆ ಮುರಿಯಿತು.

ಇಂಥವನು ಬಿ.ಎ. ಪಾಸಾದ. ಅದರಲ್ಲಿ ಆಶ್ಚರ್ಯವಿಲ್ಲ. ಯಾವುದಾದರೂ ಐದು ಪ್ರಶ್ನೆಗೆ ಉತ್ತರಿಸಿ ಎಂದಿದ್ದರೆ ಐದಕ್ಕೆ ಉತ್ತರಿಸಿ ಎದ್ದುಬರುತ್ತಿದ್ದ, ಆರನೆಯದರ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪರೀಕ್ಷೆಗಳು ಹುಡುಕುವುದೇ ಅಂಥವರನ್ನು. ಕಂಪ್ಯೂಟರನ್ನೂ ಕಲಿತ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಇನ್ನೊಂದು ಪ್ರಾಣಿಯನ್ನು ಅವನು ಕಂಡದ್ದು ಅದೇ ಮೊದಲು, ಇಬ್ಬರಿಗೂ ಹೊಂದಿಕೆಯಾಯಿತು. ಪುರಸಭೆಯ ಆಪರೇಟರು ಹೆರಿಗೆ ರಜೆ ಹಾಕಿದಾಗ ಏಜೆನ್ಸಿಯವರು ಕೇತಪ್ಪನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಗಾಳೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಸಕ್ಕರೆಯ ಸಿಹಿ ಸಂಜೆಗೆ ಇಳಿಯಿತು. ಕೇತಪ್ಪ ಮನೆಗೆ ಬಂದು, ಕೈಕಾಲು ತೊಳೆದು, ತನಗೆ ಕೊಟ್ಟ ಮೊದಲ ಕೆಲಸ ಯಾವುದೆಂದು ವಿವರವಾಗಿ ಹೇಳಿದ. ಕೆರೆ ದಂಡೆಯ ನಲವತ್ತೆಂಟು ಮನೆಗಳನ್ನು ತೆಗೆಸಿ ಅಲ್ಲಿ ಅಂಗಡಿ ಮಳಿಗೆ ಕಟ್ಟುವುದೆಂದು ಠರಾವಾಗಿದೆ. ಈ ತಿಂಗಳ ಮೂವತ್ತೊಂದರೊಳಗೆ ಪ್ರತಿ ಮನೆಗೂ, ಮನೆಯವರ ಹೆಸರು, ತಂದೆಯ ಅಥವಾ ಗಂಡನ ಹೆಸರು ಸಹಿತ, ನೋಟಿಸು ಮುಟ್ಟಬೇಕು. ಮುಟ್ಟಿದರೆ ಏಳು ದಿನದಲ್ಲಿ ಮನೆಗಳು ಹೋಗುತ್ತವೆ. ಮುಟ್ಟದಿದ್ದರೆ ಠರಾವು ತಾನೇ ಬಿದ್ದುಹೋಗುತ್ತದೆ, ಮತ್ತೆ ಸಾಮಾನ್ಯ ಸಭೆಗೆ ಬರಬೇಕು, ಸಭೆಯಲ್ಲಿ ಓಣಿಯವರ ಮಾತನ್ನು ಕೇಳಬೇಕು. ಓಣಿಯವರ ಮಾತನ್ನು ಕೇಳುವುದು ಆ ಕಚೇರಿಯಲ್ಲಿ ಯಾರಿಗೂ ಬೇಕಿರಲಿಲ್ಲ.

ಗಾಳೆವ್ವ ಬಿದಿರು ಸೀಳುವ ಕತ್ತಿಯನ್ನು ಕೆಳಗಿಟ್ಟಳು.

"ನಮ್ಮ ಮನಿ ಕೆಡವೂ ಪಟ್ಟೀನ ನನ್ನ ಮಗನ ಕೈಲೇ ಮಾಡಸ್ತಾರೇನು?"

"ಪಟ್ಟಿ ಅಲ್ಲವ್ವಾ, ಪಟ್ಟಿ ಆಗಲೇ ಐತಿ," ಎಂದ ಕೇತಪ್ಪ. "ನಾ ಮಾಡೂದು ಕೋಷ್ಟಕ."

ವಿಷಯ ಹೀಗಿತ್ತು. ಹಿಂದಿನ ತಿಂಗಳು ಸಮೀಕ್ಷೆಯವನೊಬ್ಬ ಮನೆಮನೆಗೆ ಬಂದು ಐದೈದು ಪ್ರಶ್ನೆ ಕೇಳಿದ್ದ: ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಎಷ್ಟು ವರ್ಷದಿಂದ ವಾಸ, ಮನೆಯ ಹೊದಿಕೆ ಯಾವುದು. ಉತ್ತರಗಳನ್ನು ಮೊಬೈಲಿನಲ್ಲಿ ಒಂದರ ಕೆಳಗೊಂದು ಒತ್ತುತ್ತ ಹೋಗಿದ್ದ. ಈಗ ಅದೆಲ್ಲ ಕಂಪ್ಯೂಟರಿನ ಶೀಟಿನಲ್ಲಿ ಒಂದೇ ಕಾಲಮ್ಮಾಗಿ, ಬಾವಿಗೆ ಬಿಟ್ಟ ಹಗ್ಗದ ಹಾಗೆ ಉದ್ದಕ್ಕೆ ಇಳಿದಿತ್ತು. ಅದನ್ನು ಮುರಿದು ಮನೆಗೊಂದು ಅಡ್ಡಸಾಲು, ಪ್ರಶ್ನೆಗೊಂದು ಕಾಲಂ ಮಾಡಬೇಕು. ಹಾಗೆ ಮಾಡಿ ವರದಿ ತೆಗೆಯುವ ತಂತ್ರಾಂಶಕ್ಕೆ ಕೊಟ್ಟರೆ, ಅದು ಒಂದೊಂದು ಸಾಲನ್ನೂ ಒಂದೊಂದು ನೋಟಿಸು ಮಾಡಿ ಉಗುಳುತ್ತದೆ.

ಕೆಲಸ ಹೇಳಿದವರು ಮ್ಯಾನೇಜರ್ ಬೂದಿಹಾಳ ಸಾಹೇಬರು. ಮೊದಲ ದಿನವೇ ಅವರು ಎರಡು ಕಟ್ಟಪ್ಪಣೆ ಮಾಡಿದ್ದರು. ಶೀಟಿನಲ್ಲಿ ಇದ್ದದ್ದು ಮಾತ್ರ ಬರಬೇಕು, ನಿನ್ನ ತಲೆಯಿಂದ ಒಂದಕ್ಷರ ಸೇರಕೂಡದು. ಐದೈದು ಸಾಲಿಗೆ ಒಂದು ಅಡ್ಡಸಾಲು, ಎಣಿಸು, ಯೋಚಿಸಬೇಡ. ಕೇತಪ್ಪನ ಮನೆ ಎಲ್ಲಿ ಎಂದು ಸಾಹೇಬರು ಕೇಳಿರಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ಕೇತಪ್ಪನಿಗಿರಲಿಲ್ಲ.

ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಒಂದನೆಯದು ಹೆಸರು, ಆರನೆಯದು ಹೆಸರು, ಹನ್ನೊಂದನೆಯದು ಹೆಸರು ಎಂದು ಸೂತ್ರ ಬರೆದ, ಎಣಿಸಿದ, ಯೋಚಿಸಲಿಲ್ಲ. ಕಾಲಮ್ಮಿನಲ್ಲಿ ಇನ್ನೂರ ಇಪ್ಪತ್ತಾರು ಸಾಲಿದ್ದವು. ನಲವತ್ತೈದು ಅಡ್ಡಸಾಲಾಗಿ ಒಂದು ಪದ ಉಳಿಯಿತು. ಅದಕ್ಕೂ ಒಂದು ಸಾಲು ಕೊಟ್ಟ. ನಲವತ್ತಾರು ನೋಟಿಸು ಮುದ್ರಿಸಿ ಜವಾನ ಮೋದಿನಸಾಬನ ಕೈಗಿಟ್ಟ.

ಮೋದಿನಸಾಬ ಮೊದಲನೆಯ ಕಾಗದ ನೋಡಿದ. ಅದರ ಮೇಲೆ ಪುರಸಭೆಯ ವಿಳಾಸವೇ ಇತ್ತು. ಕಚೇರಿಯ ಪ್ರತಿ ಇರಬೇಕೆಂದು ಅದನ್ನು ಫೈಲಿಗೆ ಸೇರಿಸಿ ಉಳಿದವನ್ನು ಹೊತ್ತು ಓಣಿಗೆ ಬಂದ. ಎರಡನೆಯದನ್ನು ಗಾಳೆವ್ವನ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದ. ಗಾಳೆವ್ವ, ಗಂಡ ಐವತ್ತರ ಆಸುಪಾಸು, ವಯಸ್ಸು ಅತ್ತೆಯ ಅತ್ತೆ ಕಾಲದಿಂದ, ತಗಡು ವರ್ಷಗಳಿಂದ ವಾಸ, ಮನೆಯ ಹೊದಿಕೆ ಹೊನ್ನವ್ವ.

ಹೊನ್ನವ್ವನೆಂದರೆ ಪಕ್ಕದ ಮನೆಯವಳು. ಅವಳು ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಳು.

"ಮಳೆಗಾಲ ಬರಲಿ, ಮೋದಿನಸಾಬ. ಈ ಗಾಳೆವ್ವನ ಮನಿ ಮ್ಯಾಲೆ ಹತ್ತಿ ಮಲಗತೀನಿ. ಸೋರಿದ್ರ ನನ್ನ ಕೇಳ್ರಿ."

ಓಣಿ ನಕ್ಕಿತು. ಮುಂದಿನ ಕಾಗದ ಶ್ರೀಮತಿ ನಲವತ್ತರ ಮೇಲೆ ಎಂಬುವರಿಗಿತ್ತು, ಕೊನೆಯದು ಶ್ರೀ ತಗಡು ಎಂಬುವರಿಗೆ. ನಡುನಡುವೆ ಒಂದೆರಡು ಕಾಗದ ತಾನಾಗಿ ಸರಿಬಿದ್ದಿದ್ದವು. ಆ ಮನೆಯವರೂ ಉಳಿದವರ ನಗೆ ನೋಡಿ, ನಮ್ಮದೂ ತಪ್ಪಿದ್ದೀತು ಎಂದು ವಾಪಸು ಕೊಟ್ಟರು. ಮೋದಿನಸಾಬ ಬಂದ ಹಾಗೇ ಹೊತ್ತುಕೊಂಡು ಹೋದ.

ತಪ್ಪಿದ್ದು ಎಲ್ಲಿ ಎಂಬುದು ಗಾಳೆವ್ವನಿಗೆ ತಕ್ಷಣ ತಿಳಿಯಿತು. ಅವಳು ಬುಟ್ಟಿಯವಳು. ಬುಡದ ನಿಲುವುಗಡ್ಡಿಗಳಲ್ಲಿ ಒಂದು ಜಾರಿದರೆ ಅಲ್ಲಿಂದ ಮೇಲಿನ ಹೆಣಿಗೆಯೆಲ್ಲ ವಾರೆಯಾಗುತ್ತದೆ, ಬಾಯಿಕಟ್ಟು ಮುಗಿಯುವ ತನಕ ಸರಿಬರುವುದಿಲ್ಲ. ಈ ಬುಟ್ಟಿಯಲ್ಲಿ ಮೊದಲು ಜಾರಿದ ಕಡ್ಡಿ ಅವಳೇ. ಸಮೀಕ್ಷೆಯವನು ಗಂಡನ ಹೆಸರು ಕೇಳಿದಾಗ ಅವಳು ಹೇಳಿರಲಿಲ್ಲ. ಗಂಡನ ಹೆಸರು ಹೇಳುವುದು ಅವರಲ್ಲಿ ಇಲ್ಲ. ಸತ್ತು ಹದಿನಾಲ್ಕು ವರ್ಷವಾದರೂ ಇಲ್ಲ. ಅವಳ ಹಾಗೆ ಇನ್ನೂ ಹದಿನೆಂಟು ಹೆಂಗಸರು ಬಾಯಿ ಬಿಟ್ಟಿರಲಿಲ್ಲ. ಅವಸರದಲ್ಲಿದ್ದ ಸಮೀಕ್ಷೆಯವನು ಆ ಪ್ರಶ್ನೆಯನ್ನು ಹಾರಿಸಿ ಮುಂದಿನದನ್ನು ಒತ್ತಿದ್ದ. ಹತ್ತೊಂಬತ್ತು ಮನೆಗೆ ಐದರ ಬದಲು ನಾಲ್ಕೇ ಸಾಲು.

ಸಂಜೆ ಮಗ ಬಂದ. ಸಾಹೇಬರು ಅವನನ್ನು ಇಡೀ ಕಚೇರಿ ಕೇಳುವ ಹಾಗೆ ಬೈದಿದ್ದರಂತೆ. ಅವಳೂ ಬೈದಳು. ಮನೆ ಉಳಿದ ಸಮಾಧಾನ ಒಂದು ಕಡೆ, ಮಗ ಊರಿಗೆ ನಗೆಪಾಟಲಾದ ನೋವು ಒಂದು ಕಡೆ. ಬೈಗುಳ ಎರಡರಿಂದಲೂ ಬಂತು.

"ನಿಮ್ಮಪ್ಪನ ಹೆಸರು ನಿನಗ ಗೊತ್ತಿಲ್ಲೇನೋ, ಪೆದ್ದ?"

"ಗೊತ್ತೈತಿ."

"ಮತ್ತ?"

"ಶೀಟಿನ್ಯಾಗ ಇಲ್ಲ."

ಸಾಹೇಬರು ಕೊಟ್ಟ ಹೊಸ ಬುದ್ಧಿಯನ್ನು ಅವನು ತಾಯಿಗೆ ಒಪ್ಪಿಸಿದ: ಮನೆಗೊಂದು ಸಾಲು ಕಡ್ಡಾಯ, ಖಚಿತವಾಗಿ ತಿಳಿಯದ್ದನ್ನು ತುಂಬಬೇಡ, ಅಲ್ಲಿ ಖಾಲಿ ಬಿಡು.

ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಈ ಸಲ ಒಂದು ವಾರ ಹಿಡಿಯಿತು, ಏಕೆಂದರೆ ಖಚಿತವೆಂಬುದು ಸುಲಭದ ಮಾತಲ್ಲ. ಗಂಡನ ಹೆಸರು ಹತ್ತೊಂಬತ್ತು ಕಡೆ ಇಲ್ಲ, ಖಾಲಿ. ವಯಸ್ಸು ಐವತ್ತರ ಆಸುಪಾಸು ಎಂದರೆ ಎಷ್ಟು? ದನಗಳಿಗೆ ರೋಗ ಬಂದ ವರ್ಷ ಹುಟ್ಟಿದವಳು ಎಂದರೆ ಯಾವ ರೋಗ? ಓಣಿಯಲ್ಲಿ ಯಾರ ವಯಸ್ಸೂ ಖಚಿತವಿಲ್ಲ. ಖಾಲಿ. ಅಜ್ಜನ ಕಾಲದಿಂದ ವಾಸ ಎಂದರೆ ಅಜ್ಜನ ಯಾವ ವಯಸ್ಸಿನಿಂದ? ಖಾಲಿ. ಹೊದಿಕೆ ತಗಡು ಎಂದಿದ್ದರೂ ಅವನಿಗೆ ಗೊತ್ತಿತ್ತು, ತಗಡಿನ ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಗೋಣಿ, ಗೋಣಿಯ ಮೇಲೆ ಕಲ್ಲು. ಇವುಗಳಲ್ಲಿ ಹೊದಿಕೆ ಯಾವುದೆಂದು ಖಚಿತವಾಗಿ ಹೇಳಬಲ್ಲವನು ಮಳೆರಾಯ ಒಬ್ಬನೇ. ಖಾಲಿ.

ಪೂರ್ತಿ ತುಂಬಿದ ಸಾಲು ಇಡೀ ಶೀಟಿನಲ್ಲಿ ಒಂದೇ ಒಂದಿತ್ತು, ಮೊಟ್ಟಮೊದಲನೆಯದು. ಅದೂ ಓಣಿಯದಲ್ಲ. ಸಮೀಕ್ಷೆಯವನು ಹೊರಡುವ ಮುಂಚೆ ಕಚೇರಿಯಲ್ಲೇ ಕುಳಿತು, ಮೊಬೈಲು ಕೆಲಸ ಮಾಡುತ್ತದೆಯೇ ಎಂದು ನೋಡಲು ಕಚೇರಿಯನ್ನೇ ಒಂದು ಮನೆಯೆಂದು ಬಗೆದು ಪ್ರಯೋಗಕ್ಕೆ ಒತ್ತಿದ್ದ. ಹೆಸರು ಪುರಸಭಾ ಕಾರ್ಯಾಲಯ. ಗಂಡನ ಅಥವಾ ತಂದೆಯ ಹೆಸರಿನ ಜಾಗದಲ್ಲಿ ಮುಖ್ಯಾಧಿಕಾರಿಗಳು. ವಯಸ್ಸು ಅರವತ್ತೊಂದು, ವಾಸ ಅರವತ್ತೊಂದು ವರ್ಷದಿಂದ, ಹೊದಿಕೆ ಆರ್‌ಸಿಸಿ. ಎಲ್ಲವೂ ಖಚಿತ, ಕಟ್ಟಡದ ಹಣೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಇಸವಿಯಿತ್ತು. ಕೆರೆಯ ಅರ್ಧಭಾಗಕ್ಕೆ ಮಣ್ಣು ತುಂಬಿ ಆ ಕಟ್ಟಡವನ್ನು ಎಬ್ಬಿಸಿದ ಇಸವಿ ಅದು. ಅದನ್ನು ಮಾತ್ರ ಕೆತ್ತಿರಲಿಲ್ಲ.

ಸಾಹೇಬರು ಖಾಲಿ ಶೀಟನ್ನು ನೋಡಿದರು, ಮೊದಲನೆಯ ಸಾಲಿನ ಕಡೆ ನೋಡಲಿಲ್ಲ; ತಲೆಬರಹದ ಕೆಳಗೇ ಇರುವುದನ್ನು ತಲೆಬರಹವೆಂದೇ ತಿಳಿಯುವವರು ಅವರು. ಇದೇನು ಪುರಸಭೆಯ ದಾಖಲೆಯೋ ಮಕ್ಕಳ ಪರೀಕ್ಷೆಯ ಬಿಟ್ಟಸ್ಥಳವೋ ಎಂದು ಕೂಗಾಡಿದರು. ಕೊನೆಗೆ ಹೊಸ ಬುದ್ಧಿ ಕೊಟ್ಟರು: ದಾಖಲೆಯಲ್ಲಿ ಒಂದೂ ಮನೆ ಖಾಲಿ ಇರಕೂಡದು. ಖಾಲಿ ಕಂಡಲ್ಲಿ ಮೇಲಿನದನ್ನೇ ಕೆಳಗೆ ಎಳೆ.

ಅಂದು ಸಂಜೆ ಗಾಳೆವ್ವ ಮಗನ ತಟ್ಟೆಗೆ ರೊಟ್ಟಿ ಹಾಕಿ, ಮಾತು ತೆಗೆದಳು. ಎರಡು ಸಲ ತಪ್ಪಿದ್ದಾನೆ, ಮೂರನೆಯ ಸಲವೂ ತಪ್ಪುತ್ತಾನೆಂದು ಏನು ಖಾತ್ರಿ? ಸರಿ ಮಾಡಿಬಿಟ್ಟರೆ? ಹೆತ್ತ ಮಗನ ಕೈಯಿಂದ ಬಂದ ಕಾಗದ ಹಿಡಿದುಕೊಂಡು ಅವಳು ಯಾವ ದಂಡೆಗೆ ಹೋಗಬೇಕು?

"ಬಿಟ್ಟುಬಿಡೋ ಆ ಕೆಲಸಾನ," ಎಂದಳು.

ಕೇತಪ್ಪ ತುತ್ತು ನುಂಗಿದ.

"ನಾ ಬಿಟ್ರ ಬ್ಯಾರೆದವ್ರು ಬಂದು ಸರಿಯಾಗಿ ಮಾಡ್ತಾರವ್ವಾ."

ಅವಳು ಅವನ ಮುಖ ನೋಡಿದಳು. ಮುಖ ಎಂದಿನಂತಿತ್ತು, ಕೆರೆಯ ನೀರಿನಲ್ಲಿ ಸೀಳು ಹಿಡಿದು ನಿಂತಾಗ ಹೇಗಿತ್ತೋ ಹಾಗೆ. ಅವನು ಇನ್ನೊಂದು ರೊಟ್ಟಿ ಕೇಳಿದ.

ಮರುದಿನ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಖಾಲಿ ಕಂಡಲ್ಲಿ ಮೇಲಿನದನ್ನು ಕೆಳಗೆ ಎಳೆದ. ಮೇಲೆ ಇದ್ದದ್ದು ಪುರಸಭೆ. ಅದರ ಅರವತ್ತೊಂದು ನಲವತ್ತೆಂಟು ಮನೆಗೂ ಇಳಿಯಿತು. ಅಂಬೆಗಾಲಿಡುವ ಕೂಸಿನ ತಾಯಿಗೂ ಅರವತ್ತೊಂದು. ಎಲ್ಲರೂ ಅರವತ್ತೊಂದು ವರ್ಷದಿಂದ ಅಲ್ಲೇ ವಾಸ. ಎಲ್ಲರ ತಲೆಯ ಮೇಲೂ ಆರ್‌ಸಿಸಿ. ಗಂಡನ ಹೆಸರು ನುಂಗಿದ್ದ ಹತ್ತೊಂಬತ್ತು ಹೆಂಗಸರಿಗೆ ಮೇಲಿನ ಸಾಲಿನ ಗಂಡಂದಿರು ಇಳಿದರು. ಗಾಳೆವ್ವನದು ಓಣಿಯ ಮೊದಲ ಮನೆ, ಅವಳಿಂದ ಮುಂದಿನ ಮೂರು ಮನೆಯವರೂ ಬಾಯಿ ಬಿಡದವರು. ಹೀಗಾಗಿ ಆ ನಾಲ್ವರಿಗೂ ಗಂಡ ಒಬ್ಬನೇ, ಮುಖ್ಯಾಧಿಕಾರಿಗಳು.

ಮುಖ್ಯಾಧಿಕಾರಿಗಳಿಗೆ ಮೂವತ್ತು ವರ್ಷ. ಹೋದ ವೈಶಾಖದಲ್ಲಷ್ಟೇ ಮದುವೆಯಾಗಿತ್ತು. ಮೋದಿನಸಾಬ ನೋಟಿಸು ಓದಿ ಮುಗಿಸುವಷ್ಟರಲ್ಲಿ ಹೊನ್ನವ್ವ ಸೀರೆ ಬದಲಿಸಿ ಹೊರಟೇಬಿಟ್ಟಳು. ಉಳಿದ ಮೂವರಲ್ಲಿ ಇಬ್ಬರು ಹಿಂದೆ ಹೋದರು. ಗಾಳೆವ್ವ ಹೋಗಲಿಲ್ಲ, ಆದರೆ ತಡೆಯಲೂ ಇಲ್ಲ. ಅಧಿಕಾರಿಯ ಮನೆಯ ಕದ ತೆರೆದ ಹೊಸ ಮದುವಣಗಿತ್ತಿಗೆ ಹೊನ್ನವ್ವ ಮೊಹರು ಬಿದ್ದ ಕಾಗದ ತೋರಿಸಿದಳು.

"ತಂಗೀ, ನೀ ಬರೂಕಿಂತ ಮೊದಲ ನಾವ್ ನಾಲ್ಕು ಮಂದಿ ಇದ್ದೀವಿ. ಹಿರೇರು ಹೊರಗ ನಿಂತಾರ, ಒಳಗ ಕರಿಯೂದಿಲ್ಲೇನು?"

ಅಂದು ಮಧ್ಯಾಹ್ನ ಅಧಿಕಾರಿಯ ಮನೆಯಲ್ಲಿ ಏನಾಯಿತೆಂಬುದು ಕತೆಗೆ ಬೇಕಿಲ್ಲ. ಅಧಿಕಾರಿ ಕಚೇರಿಗೆ ಬಂದು, ಆ ನೋಟಿಸುಗಳನ್ನೆಲ್ಲ ರದ್ದು ಮಾಡಿ, ಬೂದಿಹಾಳ ಸಾಹೇಬರನ್ನು ನಿಲ್ಲಿಸಿ ಬೈದರು. ಸಾಹೇಬರು ಕೇತಪ್ಪನನ್ನು ನಿಲ್ಲಿಸಿ ಬೈದರು. ಕೇತಪ್ಪ ಬೈಯಬೇಕಾದವರು ಯಾರೂ ಇರಲಿಲ್ಲವಾಗಿ ಅವನು ಕಂಪ್ಯೂಟರು ಆರಿಸಿ ಮನೆಗೆ ಬಂದ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಈ ಸಲ ಸಾಹೇಬರು ಯಾರನ್ನೂ ನಂಬದೆ ತಾವೇ ಓಣಿಗೆ ಬಂದರು, ಕೈಯಲ್ಲಿ ವಹಿ ಹಿಡಿದು. ಮೊದಲನೆಯ ಮನೆಯ ಮುಂದೆ ನಿಂತರು. ಗಾಳೆವ್ವ ಬುಟ್ಟಿಯ ಕಟ್ಟು ಕಟ್ಟುತ್ತಿದ್ದವಳು ಏಳಲಿಲ್ಲ.

"ಗಂಡನ ಹೆಸರೇನಮ್ಮ?"

"ಹೇಳೂದಿಲ್ರಿ."

"ತೀರಿಕೊಂಡಾರಂತ. ತೀರಿಕೊಂಡವರ ಹೆಸರು ಹೇಳಿದರ ಏನಾಗತದ?"

"ಏನೂ ಆಗೂದಿಲ್ರಿ. ಹೇಳೂದಿಲ್ಲ, ಅಷ್ಟ."

ಸಾಹೇಬರು ಬಿಸಿಲಿನಲ್ಲಿ ನಿಂತು ಕಾನೂನು ಹೇಳಿದರು. ಸರಕಾರಿ ಕೆಲಸಕ್ಕೆ ಅಡ್ಡಿಪಡಿಸುವುದು ಅಪರಾಧವೆಂದರು. ಅವಳು ಸೀಳನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು, ಗಂಟು ಹಾಕಿ, ಆಮೇಲೆ ತಲೆಯೆತ್ತಿದಳು.

"ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ, ಅವರ ಮುಂದ ಅವರ ಹೆಸರು ಹೇಳಿಲ್ಲ. ನನ್ನ ಮನಿ ಕೆಡವಾಕ ಬಂದವರ ಮುಂದ ಹೇಳತೀನೇನ್ರಿ, ಸಾಹೇಬ್ರ?"

ಸೊಲ್ಲು ಮನೆಯಿಂದ ಮನೆಗೆ ಸಾಹೇಬರಿಗಿಂತ ಮುಂದೆ ಓಡಿತು. ಹೊನ್ನವ್ವ ಹೇಳಲಿಲ್ಲ. ಮೂರನೆಯವಳು ಹೇಳಲಿಲ್ಲ. ತಿಂಗಳ ಹಿಂದೆ ಸಮೀಕ್ಷೆಯವನ ಮುಂದೆ ಸಲೀಸಾಗಿ ಹೆಸರು ಹೇಳಿದ್ದ ಹೊಸಗಾಲದ ಸೊಸೆಯಂದಿರೂ, ಈಗ ನೆನೆಸಿಕೊಂಡರೆ ತಪ್ಪಾಯಿತೆಂದು ಹೇಳಿ ಸೆರಗು ಮುಂದಕ್ಕೆಳೆದುಕೊಂಡರು. ಗಂಡಸರಿಗೆ ಒಮ್ಮೆಲೇ ತಂದೆಯ ಹೆಸರು ಮರೆತುಹೋಯಿತು. ಗಾಳೆವ್ವನಿಗೆ ಅಂದಿನವರೆಗೆ ಅದೊಂದು ರೂಢಿಯಾಗಿತ್ತು, ನೀರಿಗೆ ಹೋಗುವಾಗ ಕೊಡ ಒಯ್ಯುವ ಹಾಗೆ. ಅಂದು ಕೈಯಲ್ಲಿ ಹಿಡಿದು ನೋಡಿದಳು, ಅದಕ್ಕೆ ಅಲಗಿತ್ತು.

ಸಾಹೇಬರು ಖಾಲಿ ವಹಿಯೊಡನೆ ಮರಳಿದರು. ಮೂವತ್ತೊಂದನೆಯ ತಾರೀಖು ಅವರಿಗೆ ಜಿಲ್ಲಾ ಕೇಂದ್ರದಲ್ಲಿ ಸಭೆ, ತಪ್ಪಿಸುವಂತಿಲ್ಲ. ಇದ್ದದ್ದರಲ್ಲೇ ಹೇಗಾದರೂ ಮುಗಿಸಬೇಕು. ಗಂಡನ ಕಾಲಂ ಹಾಳಾಗಿ ಹೋಗಲಿ, ನೋಟಿಸು ಮುಟ್ಟಿತೆಂದು ದಾಖಲೆಯಾದರೆ ಸಾಕು ಎಂದುಕೊಂಡು, ಶೀಟಿನ ತುದಿಯಲ್ಲಿ ಕಂಪ್ಯೂಟರು ತೋರಿಸಿದ ಸಂಖ್ಯೆಯನ್ನು ನೋಡಿ ನಲವತ್ತೊಂಬತ್ತು ಖಾಲಿ ಹಾಳೆಗಳ ಕೆಳಗೆ ಮುಂಚಿತವಾಗಿಯೇ ಸಹಿ ಮಾಡಿ ಮೊಹರು ಒತ್ತಿದರು. ಜೀಪು ಹತ್ತುತ್ತ ಕೇತಪ್ಪನಿಗೆ ಕಡೆಯ ಬುದ್ಧಿ ಹೇಳಿದರು. ಆ ನಾಲ್ವರು ಹೆಂಡಿರ ಗದ್ದಲವಾದದ್ದು ಒಂದೇ ಸಂಗತಿ ಮತ್ತೆ ಮತ್ತೆ ಬಂದದ್ದರಿಂದ; ಯಾವ ಕಾಲಮ್ಮಿನಲ್ಲೂ ಬಂದದ್ದೇ ಬರಕೂಡದು, ಎರಡನೆಯ ಸಲ ಬಂದ ಸಾಲನ್ನು ತೆಗೆದುಹಾಕು. ಉಳಿದದ್ದನ್ನು ಮುದ್ರಿಸು. ಸಹಿಯಾದ ಹಾಳೆ ಒಂದೂ ಖಾಲಿ ಉಳಿಯಬಾರದು, ದುರುಪಯೋಗವಾದೀತು. ಎಲ್ಲವನ್ನೂ ಇಂದೇ ಮುಟ್ಟಿಸಿ ರಸೀತಿ ತೆಗೆದುಕೋ.

ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ವಯಸ್ಸಿನ ಕಾಲಮ್ಮಿಗೆ ಹೋದ. ಅರವತ್ತೊಂದು, ಅರವತ್ತೊಂದು, ಅರವತ್ತೊಂದು, ಬಂದದ್ದೇ ಬಂದಿತ್ತು. ಮೊದಲನೆಯದನ್ನು ಉಳಿಸಿ ಮಿಕ್ಕದ್ದನ್ನು ತೆಗೆಯೆಂದು ಯಂತ್ರಕ್ಕೆ ಹೇಳಿದ. ಯಂತ್ರ ಕಣ್ಣು ಮಿಟುಕಿಸುವುದರೊಳಗೆ ನಲವತ್ತೆಂಟು ಸಾಲು ತೆಗೆದು, ಒಂದು ಸಾಲು ಉಳಿದಿದೆ ಎಂದು ವರದಿ ಮಾಡಿತು. ಉಳಿದ ಕಾಲಮ್ಮುಗಳನ್ನು ನೋಡುವ ಅಗತ್ಯ ಬೀಳಲಿಲ್ಲ. ಆ ಒಂದು ಸಾಲನ್ನು ಸಹಿಯಾದ ಹಾಳೆಗಳ ಮೇಲೆ ಮುದ್ರಿಸಿದ, ಹಾಳೆ ಮುಗಿಯುವ ತನಕ, ನಲವತ್ತೊಂಬತ್ತು ಸಲ.

ಪುರಸಭಾ ಕಾರ್ಯಾಲಯಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅರವತ್ತೊಂದು ವರ್ಷಗಳಿಂದ ಸಾರ್ವಜನಿಕ ಕೆರೆಯ ಜಾಗವನ್ನು ಅತಿಕ್ರಮಿಸಿ ಆರ್‌ಸಿಸಿ ಹೊದಿಕೆಯ ಕಟ್ಟಡದಲ್ಲಿ ವಾಸವಾಗಿರುವ ನೀವು ಏಳು ದಿನಗಳೊಳಗೆ ಸದರಿ ಜಾಗವನ್ನು ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಎಂಟನೆಯ ದಿನ ನಿಮ್ಮ ಸಾಮಾನುಗಳನ್ನು ಹೊರಗೆ ಸಾಗಿಸಲಾಗುವುದು.

ಓಣಿಯವರ ವಿರುದ್ಧ ಬರೆದಿಟ್ಟ ಒಕ್ಕಣೆ ಅದು. ಒಂದಕ್ಷರ ಬದಲಾಗಿರಲಿಲ್ಲ, ಅಕ್ಷರ ಅಕ್ಷರವೂ ನಿಜವಾಗಿತ್ತು.

ಮೋದಿನಸಾಬ ವಿಳಾಸ ಓದಿದ. ಹಿಂದಿನ ಕೋಣೆಯಿಂದ ಮುಂದಿನ ಕಟ್ಟೆಗೆ ಇಪ್ಪತ್ತೊಂದು ಹೆಜ್ಜೆ ನಡೆದು ಆವಕ ಗುಮಾಸ್ತನ ಮುಂದೆ ಕಟ್ಟನ್ನಿಟ್ಟ. ಸಾಹೇಬರ ಸಹಿ, ಕಚೇರಿಯ ಮೊಹರು. ಗುಮಾಸ್ತ ನಲವತ್ತೊಂಬತ್ತಕ್ಕೂ ಸ್ವೀಕರಿಸಿದೆ ಎಂದು ತಾರೀಖು ಸಹಿತ ಮುದ್ರೆ ಒತ್ತಿದ. ಓಣಿಯಲ್ಲಿ ಅಂದು ಒಂದು ಕಾಗದವೂ ಹಾರಲಿಲ್ಲ. ಸೂರ್ಯ ಮುಳುಗಿದ, ತಾರೀಖು ಮುಗಿಯಿತು, ಠರಾವು ಬಿತ್ತು. ಇನ್ನು ಮಳಿಗೆ ಬೇಕೆಂದರೆ ಸಾಮಾನ್ಯ ಸಭೆ ಕರೆಯಬೇಕು, ನಲವತ್ತೆಂಟು ಮನೆಯವರನ್ನು ಕೂರಿಸಿ ಅವರ ಮಾತನ್ನು ಕೇಳಬೇಕು.

ಮರುದಿನ ಬೂದಿಹಾಳ ಸಾಹೇಬರು ಬಂದು ಬೈದ ಬೈಗುಳವನ್ನು ಕೇತಪ್ಪ ತಾಯಿಗೆ ಒಂದೂ ಬಿಡದೆ ಒಪ್ಪಿಸಿದ, ಹಸೆಯ ಮೇಲೆ ಕುಳಿತು ಮಂತ್ರ ಹೇಳುವವನ ಹಾಗೆ. ಕೆಲಸದಿಂದ ತೆಗೆದಿದ್ದರು. ಕೊನೆಯಲ್ಲಿ ಅವರು, ನೀನು ಹಿಡಿದ ಕೆಲಸ ಒಂದಾದರೂ ಮುಗಿದಿದೆಯೇ, ಮುಂದೆ ಎಲ್ಲಿಗಾದರೂ ಹೋಗು, ಕೊಟ್ಟ ಕೆಲಸವನ್ನು ಕೊನೆ ಮುಟ್ಟಿಸುವುದನ್ನು ಕಲಿ ಎಂದರಂತೆ.

ಗಾಳೆವ್ವ ಕೈಯಲ್ಲಿದ್ದ ಸೀಳನ್ನು ಕೆಳಗಿಟ್ಟಳು. ಬೈಯಬೇಕೆಂದು ಬಾಯಿ ತೆರೆದಳು, ಬೈಗುಳ ಬರಲಿಲ್ಲ.

"ಕೇತೂ, ನೀ ತಿಳಿದ ಮಾಡಿದ್ಯೋ, ತಿಳೀದ ಮಾಡಿದ್ಯೋ?"

"ಹೇಳಿದ್ಹಂಗ ಮಾಡೀನವ್ವಾ."

ಅಷ್ಟೇ. ಅವಳು ಮತ್ತೆ ಬುಟ್ಟಿ ಹೆಣೆಯತೊಡಗಿದಳು.

ಏಳು ದಿನ ಕಳೆದವು. ಎಂಟನೆಯ ದಿನ ಬೆಳಿಗ್ಗೆ ಕೇತಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಗೋಡೆಗೆ ಒರಗಿಸಿದ್ದ ಹೊಸ ಬುಟ್ಟಿಯೊಂದನ್ನು ಎತ್ತಿಕೊಂಡ. ಎಲ್ಲಿಗೆ ಎಂದು ತಾಯಿ ಕೇಳಿದಳು. ಕೊಟ್ಟ ಕೆಲಸವನ್ನು ಕೊನೆ ಮುಟ್ಟಿಸಲಿಕ್ಕೆ ಎಂದ. ಎಂಟನೆಯ ದಿನ ಸಾಮಾನುಗಳನ್ನು ಹೊರಗೆ ಸಾಗಿಸಬೇಕು, ಹಾಗೆಂದು ಸಾಹೇಬರೇ ನಲವತ್ತೊಂಬತ್ತು ಕಡೆ ಸಹಿ ಮಾಡಿದ್ದಾರೆ, ಸಾಗಿಸುವವರು ಯಾರೂ ಕಾಣಲಿಲ್ಲ.

ಗಾಳೆವ್ವ ಎದ್ದು ನಿಂತಳು. ಮಗನನ್ನು ನೋಡಿದಳು, ಅವನ ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದಳು. ಇಷ್ಟು ದಿನ ಕೂಡಿಟ್ಟ ಬೈಗುಳ ಈಗ ಬಂತು.

"ಏ ಪೆದ್ದ, ಅಷ್ಟು ದೊಡ್ಡ ಕಚೇರಿಗೆ ಒಂದು ಬುಟ್ಟಿ ಸಾಕಾಗತೈತೇನೋ?"

ಅವಳು ಎರಡು ಬುಟ್ಟಿ ಎತ್ತಿಕೊಂಡಳು. ಹೊನ್ನವ್ವನನ್ನು ಕೂಗಿದಳು. ಹೊನ್ನವ್ವ ಮೂರನೆಯವಳನ್ನು ಕೂಗಿದಳು. ಮೇದಾರ ಓಣಿಯಲ್ಲಿ ಬುಟ್ಟಿಗೆ ಬರವಿಲ್ಲ.

ಹತ್ತೂವರೆಗೆ ಬೂದಿಹಾಳ ಸಾಹೇಬರು ಬಂದಾಗ ಕಚೇರಿಯ ಗೇಟಿನಿಂದ ಕೆರೆಯ ದಂಡೆಯ ತನಕ, ಒಂದರ ಹಿಂದೊಂದು, ಒಂದೇ ಸಾಲಿನಲ್ಲಿ ಸಾಮಾನು ಇಳಿದಿದ್ದವು: ಅವರ ಕುರ್ಚಿ, ಕುರ್ಚಿಯ ಮೇಲಿನ ದಿಂಬು, ಮೇಜು, ನೀರಿನ ಹೂಜಿ, ಬೀಗದ ಗೊಂಚಲು, ಮತ್ತೊಂದು ಕುರ್ಚಿ, ಗೋಡೆ ಗಡಿಯಾರ, ಆವಕ ವಹಿ, ಮೊಹರು, ಬುಟ್ಟಿ ಬುಟ್ಟಿ ಫೈಲು. ಆವಕ ಗುಮಾಸ್ತನು ತಾನೇ ಮುದ್ರೆ ಒತ್ತಿದ ಕಾಗದವನ್ನು ಹಿಡಿದು, ತಡೆಯಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದ. ಮೋದಿನಸಾಬ ಭಾರದ ಕಡೆ ಕೈ ಕೊಡುತ್ತಿದ್ದ. ಗಾಳೆವ್ವ ಸಾಹೇಬರ ಹಾದಿಯಿಂದ ಸರಿಯಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಆನಿಸಿ, ಎದುರೇ ನಿಂತಳು.

ಸಾಹೇಬರು ಆ ಉದ್ದ ಸಾಲನ್ನು ತುದಿಯಿಂದ ತುದಿಗೆ ನೋಡಿದರು. ಕೇತಪ್ಪ ಕೊನೆಯದಾಗಿ ಕಂಪ್ಯೂಟರಿನ ಕೀಲಿಮಣೆಯನ್ನು ತಂದು, ಸಾಲು ಕೆಡದಂತೆ ನೋಡಿ ಇಟ್ಟು, ಕೈ ಒರೆಸಿಕೊಂಡು ಅವರ ಮುಂದೆ ವಿನಯದಿಂದ ನಿಂತ.

"ಒಂದೇ ಸಾಲಿನ್ಯಾಗ ಐತ್ರಿ, ಸಾಹೇಬ್ರ," ಎಂದ. "ಐದೈದಕ್ಕ ಒಂದು ಮಾಡ್ಲೇನ್ರಿ?"